ಕಂಬಳಿಗೆ ಮೈಲಿಗೆ ಇಲ್ಲ

ನ್ಯಾಮತಿಯಲ್ಲಿ ಯಾರಾದರೂ ಸತ್ತರೆ ಮೊದಲು ನೆಂಟರು ಬರುತ್ತಿದ್ದರು, ಆಮೇಲೆ ಕ್ರಿಯೆ ಮಾಡಿಸುವ ಅಯ್ಯನವರು, ಅವರ ಬೆನ್ನಿಗೇ ಗಿರಣಿ ಅಕ್ಕ. ನೆಂಟರು ಅಳಲು ಬಂದರೆ ಈಕೆ ಬರುತ್ತಿದ್ದದ್ದು ಸತ್ತವರ ಕಂಬಳಿ ಕೇಳಲು. ಹೆಣವನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿರುತ್ತಿದ್ದರು, ಹಾರ ಇನ್ನೂ ಬಂದಿರುತ್ತಿರಲಿಲ್ಲ, ಅಷ್ಟರಲ್ಲಿ ಬಾಗಿಲಲ್ಲಿ ಆಕೆಯ ದನಿ ಕೇಳುತ್ತಿತ್ತು: "ಹೊದ್ಕೊಳ್ತಿದ್ದ ಕಂಬಳಿ ಎಲ್ಲೈತ್ರೀ? ಹಳ್ಳಕ್ಕೆ ಎಸೀಬ್ಯಾಡ್ರಿ, ನಂಗೆ ಕೊಡ್ರಿ."

ಸತ್ತವರ ಹಾಸಿಗೆ ಬಟ್ಟೆಯನ್ನು ಊರಾಚೆ ಹಳ್ಳಕ್ಕೆ ಹಾಕಿ ಬರುವುದು ನಮ್ಮ ಕಡೆಯ ರೂಢಿ. ಅದನ್ನು ಬಾಯಿಬಿಟ್ಟು ಕೇಳುವವರನ್ನು ಯಾರೂ ಕಂಡಿರಲಿಲ್ಲ. "ಸತ್ತೋರದು ಮೈಲಿಗೆ ಕಣಮ್ಮ" ಎಂದು ಯಾರಾದರೂ ಅಂದರೆ ಆಕೆ ಅಲ್ಲೇ ಜೋರು ಮಾಡುತ್ತಿದ್ದಳು. "ಕಂಬಳಿಗೆ ಮೈಲಿಗೆ ಇಲ್ಲ. ದೇವರ ಗದ್ದಿಗೆಗೆ ಅದನ್ನೇ ಹಾಸ್ತೀರಿ, ಮದುವಿಗೆ ಅದನ್ನೇ ಹಾಸ್ತೀರಿ, ಈಗ ಮಾತ್ರ ಮೈಲಿಗೆ ಆತಾ?" ಹೆಣದ ಮುಂದೆ ಜಗಳ ಬೇಡವೆಂದು ಕೊಟ್ಟು ಕಳಿಸುತ್ತಿದ್ದರು.

ಮೆಲ್ಲಗೆ ಕೇಳಬಹುದಿತ್ತಲ್ಲ ಎಂದರೆ, ಆಕೆಗೆ ಮೆಲ್ಲಗೆ ಮಾತಾಡುವುದು ಮರೆತೇಹೋಗಿತ್ತು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆಕೆಯ ಹಿಟ್ಟಿನ ಗಿರಣಿ. ದಿನವಿಡೀ ಮೋಟರು, ಬೆಲ್ಟು, ಕಲ್ಲಿನ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಒಂದೇ ಎತ್ತರಕ್ಕೆ ನಿಂತುಬಿಟ್ಟಿತ್ತು. "ಒಂದು ಗುಟ್ಟು ಹೇಳ್ತೀನಿ ಬಾರೇ" ಎಂದು ಯಾರನ್ನಾದರೂ ಕರೆದರೆ ಓಣಿಯ ಆಚೆ ತುದಿಯವರೂ ಕೆಲಸ ಬಿಟ್ಟು ಕಿವಿ ಕೊಡುತ್ತಿದ್ದರು. ರಾಗಿಯ ಸರದಿಯಲ್ಲಿ ಜೋಳದ ಡಬ್ಬಿ ಮುಂದೆ ತಳ್ಳಿದವರ ಗತಿಯಂತೂ ಕೇಳುವುದೇ ಬೇಡ. ಆಕೆ ಬೈದದ್ದು ಬಸ್ ನಿಲ್ದಾಣದವರೆಗೂ ಹೋಗಿ ತಿರುಗಿ ಬರುತ್ತಿತ್ತು.

ಎಪ್ಪತ್ತರ ದಶಕದ ಕೊನೆಗೆ ನಾನು ಹೊನ್ನಾಳಿಯಿಂದ ನ್ಯಾಮತಿಯ ಪ್ರಾಥಮಿಕ ಶಾಲೆಗೆ ಟೀಚರಾಗಿ ಬಂದಾಗ ಬಾಡಿಗೆಗೆ ಸಿಕ್ಕಿದ್ದು ಗಿರಣಿಯ ಹಿಂದಿನ ಕೋಣೆ. ಬೆಳಿಗ್ಗೆ ಮೋಟರು ಶುರುವಾದರೆ ನನ್ನ ಗೂಡಿನಲ್ಲಿದ್ದ ಲೋಟಗಳು ತಾವಾಗಿಯೇ ಅಂಚಿಗೆ ನಡೆದು ಬರುತ್ತಿದ್ದವು. ಓದು ಬರಹ ಎಂದು ಜಂಬ ಇದ್ದ ವಯಸ್ಸು ನನ್ನದು. ಎತ್ತರದ ಆಳು, ಹುಬ್ಬಿನ ಮೇಲೆಲ್ಲ ಹಿಟ್ಟು, ಹಣೆಯ ಮೇಲಿರುವುದು ವಿಭೂತಿಯೋ ಜೋಳದ ಹಿಟ್ಟೋ ತಿಳಿಯದಂಥ ಆ ಹೆಂಗಸನ್ನು ಕಂಡರೆ ಮೊದಮೊದಲು ನನಗೆ ಹೆದರಿಕೆಯಾಗುತ್ತಿತ್ತು. ಸತ್ತವರ ಕಂಬಳಿ ತಂದು ಮನೆಯಲ್ಲಿ ಪೇರಿಸುವವಳು ಎಂದು ತಿಳಿದ ಮೇಲೆ ಅಸಹ್ಯವೂ ಸೇರಿಕೊಂಡಿತು. ಊರಲ್ಲಿ ಎಲ್ಲರೂ ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ಗಿರಣಿ ಅಕ್ಕ ಸತ್ತವರ ಹಾಸಿಗೆಗೂ ಕಾಲು ಚಾಚುತ್ತಾಳೆ ಎಂದು ಜನ ನಗುತ್ತಿದ್ದರು. ಅವೆಲ್ಲ ದಾವಣಗೆರೆಯ ಸಂತೆಗೆ ಹೋಗುತ್ತವೆ ಎಂಬುದು ಓಣಿಯವರ ನಂಬಿಕೆಯಾಗಿತ್ತು, ನಾನೂ ನಂಬಿದ್ದೆ.

ಸಂತೆಗೆ ಹೋಗುವ ಮಾಲನ್ನು ಯಾರೂ ಅಷ್ಟು ಜೋಪಾನ ಮಾಡುವುದಿಲ್ಲ ಎಂದು ಆಮೇಲೆ ಕಣ್ಣಿಗೆ ಬಿತ್ತು. ಭಾನುವಾರಗಳಲ್ಲಿ ಕಂಬಳಿಗಳ ಗಂಟು ಕಟ್ಟಿಕೊಂಡು ಹೊನ್ನಾಳಿಯ ಬಸ್ಸು ಹತ್ತಿ, ಹೊಳೆಯಲ್ಲಿ ಅಂಟುವಾಳದ ನೊರೆ ಹಾಕಿ ತುಳಿದು ತುಳಿದು ತೊಳೆದು, ಬಂಡೆಯ ಮೇಲೆ ಒಣಗಿಸಿ ತರುತ್ತಿದ್ದಳು. ನುಸಿ ತಿಂದವನ್ನು ಚನ್ನಗಿರಿಯ ಪಿಂಜಾರ ಸಾಬರೊಬ್ಬರ ಹತ್ತಿರ ಒಯ್ಯುತ್ತಿದ್ದಳು. ಹತ್ತಿ ಎಕ್ಕಿ ಗಾದಿ ಹೊಲಿಯುವ ಮುದುಕ ಅವರು. ತೂತುಗಳಿಗೆ ನೂಲು ಹಾಕಿ ಮುಚ್ಚಿ ಕೊಡುತ್ತಿದ್ದರು. ಒಮ್ಮೆ ನಾನೂ ಜೊತೆಗೆ ಹೋಗಿದ್ದಾಗ ತೀರಿಕೊಂಡ ತಮ್ಮ ತಾಯಿಯ ಕಂಬಳಿಯನ್ನೂ ಗಂಟಿಗೆ ಸೇರಿಸಿದರು. "ನಮ್ಮಲ್ಲಿ ಮಣ್ಣಿಗೆ ಹೋಗೋದು ಬಿಳಿ ಬಟ್ಟೆ ಅಷ್ಟೇ ಅಮ್ಮಾ. ಉಳಿದದ್ದೆಲ್ಲಾ ಬದುಕಿರೋರದು" ಎಂದರು. ಗಿರಣಿ ಅಕ್ಕ ಬಸ್ಸಿನಲ್ಲಿ ಬರುವಾಗ ಅದನ್ನೇ ನೆನೆದುಕೊಂಡಳು. "ಅವರದೇ ಸರಿ ಕಣ್ರಿ ಅಕ್ಕೋರೆ. ನಮ್ಮೋರಿಗೆ ಯಾಕೆ ಹೊಳೀಲಿಲ್ಲ?" ಮುಂದಿನ ಸೀಟಿನವರು ತಮ್ಮನ್ನೇ ಕೇಳಿದಳೆಂದು ತಿರುಗಿ ನೋಡಿದರು.

ಯಾರಿಗೆ ಇವೆಲ್ಲ ಎಂದು ನನಗೆ ತಿಳಿದದ್ದು ಒಂದು ಬೇಸಿಗೆಯಲ್ಲಿ, ಕರೆಂಟು ಹೋಗಿ ಗಿರಣಿ ನಿಂತಿದ್ದ ಮಧ್ಯಾಹ್ನ. ಸದ್ದು ನಿಂತಾಗ ಆಕೆಗೆ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ. ಹಿಟ್ಟಿನ ಚೀಲದ ಮೇಲೆ ಕೂತು ಅದೇ ಎತ್ತರದ ದನಿಯಲ್ಲಿ ಹೇಳತೊಡಗಿದಳು.

ಗಿರಣಿ ಮೊದಲು ಗಂಡನದಾಗಿತ್ತು. ಹೊನ್ನಾಳಿಯ ಕಂತ್ರಾಟುದಾರನೊಬ್ಬ ವರ್ಷವರ್ಷ ಸಂಕ್ರಾಂತಿ ಕಳೆದ ಮೇಲೆ ಯಾತ್ರೆಯ ಬಸ್ಸು ಹೊರಡಿಸುತ್ತಿದ್ದ. ಕಾಶಿ, ಪ್ರಯಾಗ ಮುಗಿಸಿ, ಗಡಿ ದಾಟಿ, ನೇಪಾಳದ ಪಶುಪತಿನಾಥನಲ್ಲಿ ಶಿವರಾತ್ರಿ ಮಾಡಿಸಿ ತರುತ್ತಿದ್ದ. ಮಕ್ಕಳಿಲ್ಲದ ಗಂಡ ಹೆಂಡತಿ ಅದರಲ್ಲಿ ಹೊರಟರು. ಇದು ನಾನು ನ್ಯಾಮತಿಗೆ ಬರುವ ಕೆಲವು ವರ್ಷ ಹಿಂದಿನ ಮಾತು. ಆತ ಕಂಬಳಿ ತೆಗೆದಿಟ್ಟುಕೊಂಡಿದ್ದನಂತೆ. "ಅದ್ಯಾಕೆ ಭಾರ ಹೊರ್ತೀರಿ, ದುಪ್ಪಟಿ ಸಾಕು ಅಂದೋಳು ನಾನೇ" ಎಂದಳು. ಬೆಟ್ಟದ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಹಿಮದ ಗಾಳಿಗೆ ಆತನಿಗೆ ಎದೆ ಕಟ್ಟಿ ಜ್ವರ ಬಂತು. ಕಠ್ಮಂಡು ಸೇರುವಷ್ಟರಲ್ಲಿ ಮಾತು ನಿಂತಿತ್ತು. ಧರ್ಮಶಾಲೆಯ ಅಂಗಳದಲ್ಲಿ ಮಲಗಿಸಿ, ಬಸ್ಸಿನವರೆಲ್ಲ ತಮ್ಮ ಪಂಚೆ, ಸೀರೆ, ದುಪ್ಪಟಿ ಹೊದಿಸಿದರೂ ನಡುಕ ನಿಲ್ಲಲಿಲ್ಲ.

"ಬಾಗಿಲ ಮುಂದೆ ಸೌದೆ ಮಾರೋ ಹೆಣ್ಮಗಳು ಇದ್ಲು. ಬೆನ್ನಿಗೆ ಕೂಸು ಕಟ್ಕೊಂಡು, ಇಬ್ರಿಗೂ ಸೇರಿ ದಪ್ಪನೆ ಉಣ್ಣೆ ಹೊದಿಕೆ ಸುತ್ಕೊಂಡಿದ್ಲು. ಇವರು ನಡುಗೋದು ನೋಡಿದ್ಲು. ಒಂದು ಮಾತಿಲ್ಲ, ತನ್ನ ಮೈಮ್ಯಾಗಿಂದು ತೆಗೆದು ಇವರಿಗೆ ಹೊದಿಸಿದ್ಲು. ಕುತ್ತಿಗೆ ಸುತ್ತ ಗಾಳಿ ಹೋಗದಂಗೆ ಸಿಗಿಸಿದ್ಲು, ಹಿಂಗೆ." ಆಕೆ ಎದ್ದು ಬಂದು ನನ್ನ ಸೆರಗನ್ನೇ ಕತ್ತಿನ ಸುತ್ತ ಒತ್ತಿ ತೋರಿಸಿದಳು. "ಆಗ ನಡುಕ ನಿಂತಿತು ಕಣ್ರಿ."

ಮಧ್ಯಾಹ್ನಕ್ಕೆ ಆತ ಹೋದ. ಅಲ್ಲಿ ಗುಡಿಯ ಪಕ್ಕದ ಹೊಳೆಯ ದಂಡೆಯಲ್ಲಿ ಎಲ್ಲರನ್ನೂ ಸುಡುತ್ತಾರೆ, ನಮ್ಮವರಲ್ಲಿ ಹೂಳಬೇಕು. ನಮ್ಮ ಭಾಷೆ ಬಲ್ಲ ಪೂಜಾರಿಯೊಬ್ಬರು ಸಿಕ್ಕಿ ಹೊಳೆಯಾಚೆ ಒಂದು ಜಾಗ ತೋರಿಸಿ ಪೂಜೆಗೆಂದು ಗುಡಿಗೆ ಮರಳಿದರು. ಕುಣಿ ತೋಡಿದರು. ಕೂರಿಸುವಾಗ ಮೈಮೇಲಿನ ಹೊದಿಕೆಯ ಮಾತು ಬಂತು. ಹಿರಿಯರು, ಪುಣ್ಯಾತ್ಗಿತ್ತಿ ಕೊಟ್ಟ ದಾನ, ಹಾಗೇ ಹೋಗಲಿ, ಹೊದಿಸಿದ್ದನ್ನು ತೆಗೆದರೆ ಸತ್ತವನಿಗೆ ಅವಮಾನ ಎಂದರು. ಹಾಗೇ ಆಯಿತು.

"ಆಯಮ್ಮ ನಮ್ಮ ಜತಿಗೇ ಬಂದಿದ್ಲು. ಕುಣಿ ಪಕ್ಕ ನಿಂತು ಏನೋ ಅಂದ್ಲು. ಯಾರಿಗೂ ತಿಳೀಲಿಲ್ಲ. ಕೈ ಚಾಚಿದ್ಲು. ಮಣ್ಣು ಹಾಕಾಕೆ ಕೇಳ್ತಾಳೆ ಅಂದ್ಕೊಂಡ್ವಿ. ನಾನೇ, ಈ ಕೈಯಾಗೆ, ಒಂದು ಹಿಡಿ ಮಣ್ಣು ಕೊಟ್ಟೆ. ಮಣ್ಣು ನೋಡಿದ್ಲು, ನನ್ನ ಮಖ ನೋಡಿದ್ಲು. ಎಲ್ರೂ ಹಾಕ್ತಿದ್ರಲ್ಲ, ಆಕಿನೂ ಹಾಕಿದ್ಲು. ಯಾರೋ ಎಂತೋ, ಎಷ್ಟು ದೊಡ್ಡ ಮನಸು ಅಂತ ತಬ್ಬಿಕೊಂಡು ಅತ್ತೆ. ಬೆನ್ನಿನ ಮ್ಯಾಲಿದ್ದ ಕೂಸಿನ ಕಾಲು ನನ್ನ ಕೈಗೆ ತಾಗ್ತು. ತಣ್ಣಗಿತ್ತು. ಆವಾಗಲೂ ನಂಗೆ ಹೊಳೀಲಿಲ್ಲ."

ಹೊಳೆದದ್ದು ಮರುದಿನ, ಬಸ್ಸು ಬೆಟ್ಟ ಇಳಿಯುವಾಗ. ಪಕ್ಕದವರು ಚಳಿ ಎಂದು ತಮ್ಮ ದುಪ್ಪಟಿಯ ಅರ್ಧ ಈಕೆಗೂ ಹೊದಿಸಿದರು. ಆಗ ಕೂಗಿ ಬಸ್ಸು ನಿಲ್ಲಿಸಿದಳು. ಆ ಹೆಣ್ಣುಮಗಳು ದುಃಖಕ್ಕೆ ನಿಂತಿರಲಿಲ್ಲ, ತನ್ನ ಹೊದಿಕೆಗೆ ನಿಂತಿದ್ದಳು ಎಂದು ಎಲ್ಲರಿಗೂ ಹೇಳಿದಳು. ಕಂತ್ರಾಟುದಾರ, "ಸತ್ತೋರಿಗೆ ಹೋಗಿದ್ದನ್ನ ಈಗ ಏನು ಅಗೆದು ತರಾಕೆ ಆಗುತ್ತೇನಮ್ಮ? ಒಂದು ಕಂಬಳಿಗೆ ಇಡೀ ಬಸ್ಸು ತಿರುಗಿಸಾಕೆ ಆಗುತ್ತಾ?" ಎಂದ. ಬಸ್ಸು ತಿರುಗಲಿಲ್ಲ.

ಇಷ್ಟು ಹೇಳುವಾಗ ಕರೆಂಟು ಬಂತು. ಆಕೆ ಎದ್ದು ಬೆಲ್ಟು ಹಾಕಿದಳು. ಓಣಿಯಲ್ಲಿ ಡಬ್ಬಿ ಹಿಡಿದು ನಿಂತವರೆಲ್ಲ ಕಥೆ ಕೇಳಿದ್ದರು, ಒಬ್ಬೊಬ್ಬರಾಗಿ ಡಬ್ಬಿ ಮುಂದೆ ಸರಿಸಿದರು. ನನಗೆ ಅಂದು ಆಕೆಯ ಮುಖ ನೋಡಲಾಗಲಿಲ್ಲ.

ಗಂಡ ತೀರಿಕೊಂಡ ಮೇಲೆ ವರ್ಷವರ್ಷವೂ ಅದೇ ಬಸ್ಸಿನಲ್ಲಿ ಆಕೆ ಹೋಗುತ್ತಿದ್ದಳು, ಬಸ್ಸಿನ ಮೇಲೆ ಕಂಬಳಿಗಳ ಗಂಟು. ಅದು ಹೊನ್ನಾಳಿಯಲ್ಲಿ ಬಸ್ಸು ಏರುತ್ತಿದ್ದರಿಂದ ನಮ್ಮ ಓಣಿಯವರ ಕಣ್ಣಿಗೆ ಬಿದ್ದಿರಲಿಲ್ಲ. ಗಂಟಿನಲ್ಲಿ ಒಂದು ಮಾತ್ರ ಹೊಸದು. ಜಗಳೂರು ಸೀಮೆಯ ಸೊಕ್ಕೆ ಆಕೆಯ ತವರು. ಅಲ್ಲಿ ಹೇಳಿ ನೇಯಿಸಿದ, ಕೆಂಪು ಅಂಚಿನ ದಪ್ಪ ಕಂಬಳಿ ಅದು. ಆ ಸೌದೆಯ ಹೆಣ್ಣುಮಗಳಿಗೆಂದೇ ಇಟ್ಟದ್ದು. ಉಳಿದವನ್ನು ಚಳಿಯಲ್ಲಿ ಕಂಡಕಂಡವರಿಗೆ ಹಂಚಿ, ಅದೊಂದನ್ನು ತಿರುಗಿ ಹೊತ್ತು ತರುತ್ತಿದ್ದಳು. ಆಕೆ ಸಿಕ್ಕಿರಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ಒಂದು ಸಲ ನಾನೂ ಸಂಬಳವಿಲ್ಲದ ರಜೆ ಹಾಕಿ ಹೊರಟೆ. ಪುಣ್ಯಕ್ಕಲ್ಲ, ಬೆಟ್ಟ ನೋಡುವ ಆಸೆಗೆ. ಗಡಿಯಲ್ಲಿ ಸುಂಕದ ಅಧಿಕಾರಿ ಬಸ್ಸಿನ ಮೇಲಿನ ಗಂಟು ಬಿಚ್ಚಿಸಿ, ಇದು ವ್ಯಾಪಾರದ ಮಾಲು, ಬಿಡುವುದಿಲ್ಲ ಎಂದು ಪಟ್ಟು ಹಿಡಿದ. ಗಿರಣಿ ಅಕ್ಕ ಬಸ್ಸಿನೊಳಗೆ ಬಂದು ಒಬ್ಬೊಬ್ಬರ ಮೈಮೇಲೂ ಒಂದೊಂದು ಎಸೆದಳು. "ಹೊದ್ಕೊಳ್ರಿ ಎಲ್ಲ! ಚಳಿ ಹತ್ತೈತೆ ಅನ್ರಿ!" ಮಧ್ಯಾಹ್ನದ ಬಿಸಿಲು. ಸಾಸ್ವೆಹಳ್ಳಿಯ ಹನುಮಂತಪ್ಪನ ಕಂಬಳಿಯೊಳಗೆ ನಾನು ಬೆವರಿ ತೊಪ್ಪೆಯಾದೆ. ಸತ್ತು ಮೂರು ತಿಂಗಳಾಗಿದ್ದ ಮನುಷ್ಯ, ನನ್ನ ಪರಿಚಯದವನೇ. ಅಧಿಕಾರಿ ಒಳಗೆ ಬಂದು ನೋಡಿದ, ನನ್ನ ಕಂಬಳಿಯ ತೂತಿನಲ್ಲಿ ಬೆರಳು ಹಾಕಿ ನಕ್ಕ, ಹೋಗಿ ಎಂದ. ಆ ಯಾತ್ರೆಯಲ್ಲಿ ನಾವು ಮನಸಾರೆ ನಕ್ಕದ್ದು ಅಲ್ಲಿ ಮಾತ್ರ.

ಆಕೆ ಕೊಡುವ ರೀತಿ ಬೇರೆಯೇ ಇತ್ತು. ಸಾಲು ನಿಲ್ಲಿಸಿ ಕೊಡುತ್ತಿರಲಿಲ್ಲ, ಕೈಗೂ ಕೊಡುತ್ತಿರಲಿಲ್ಲ. ಭಾರ ಹೊರುವ ಮುದುಕ, ಗುಡಿಯ ಮೆಟ್ಟಿಲಲ್ಲಿ ಮುದುರಿ ಕೂತ ಹೆಂಗಸು, ಯಾರಾದರೂ ಸರಿ, ಹತ್ತಿರ ಹೋಗಿ, ಮಡಿಕೆ ಬಿಚ್ಚಿ, ತಾನೇ ಹೊದಿಸಿ, ಕತ್ತಿನ ಸುತ್ತ ಒತ್ತಿ ಸಿಗಿಸುತ್ತಿದ್ದಳು. "ಇದು ನಮ್ಮ ಹನುಮಂತಪ್ಪಂದು. ಒಳ್ಳೆ ಮನುಷ್ಯ. ಹೊದ್ಕೊ" ಎಂದು ಅಚ್ಚ ಕನ್ನಡದಲ್ಲಿ, ಗಿರಣಿಯ ದನಿಯಲ್ಲಿ. ಅವರು ಬೆಚ್ಚಿಬಿದ್ದು, ಆಮೇಲೆ ತಲೆಯಾಡಿಸುತ್ತಿದ್ದರು. ಯಾರಾದರೂ ಕಾಲಿಗೆ ಬೀಳಲು ಬಂದರೆ ಸಿಟ್ಟು ಬರುತ್ತಿತ್ತು, ಅವರ ರಟ್ಟೆ ಹಿಡಿದು ಎತ್ತಿ ಬೈಯುತ್ತಿದ್ದಳು.

ಧರ್ಮಶಾಲೆಯ ಎದುರು ಆ ವರ್ಷ ಹೊಸದಾಗಿ ಒಬ್ಬ ಮುದುಕ ಚಹಾ ಇಟ್ಟಿದ್ದ. ನಮ್ಮ ಡ್ರೈವರಿಗೆ ಹಿಂದಿ ಬರುತ್ತಿತ್ತು. ಆತನ ಮೂಲಕ ಅಕ್ಕ ಕೇಳಿದಳು, ಬೆನ್ನಿನ ಮೇಲೆ ಕೂಸು, ತಲೆಯ ಮೇಲೆ ಸೌದೆ ಎಂದು ಕೈಯಲ್ಲೂ ತೋರಿಸಿದಳು. ಚಹಾ ಇಡುವ ಮೊದಲು ಅಲ್ಲೇ ಮೂಟೆ ಹೊರುತ್ತಿದ್ದವನಂತೆ ಆ ಮುದುಕ. ಅಂಥವಳೊಬ್ಬಳು ಇದ್ದಳು, ಕೂಸು ಚಳಿಗೆ ತೀರಿಕೊಂಡಿತು, ಆಮೇಲೆ ಆಕೆ ಈ ಕಡೆ ಬರಲಿಲ್ಲ ಎಂದ. ಯಾವ ವರ್ಷದ ಚಳಿ ಎಂದು ಕೇಳಿದರೆ ಅವನಿಗೆ ನೆನಪಿರಲಿಲ್ಲ.

"ಬೇರೆ ಯಾರದೋ ಇರಬೇಕು ಅಕ್ಕಾ. ಇಲ್ಲಿ ಸೌದೆ ಮಾರುವವರು ಒಬ್ಬರೇ?" ಎಂದೆ ನಾನು.

"ಇರಬಹುದು" ಎಂದಳು. ಅದೊಂದು ಮಾತನ್ನು ಆಕೆ ಮೆಲ್ಲಗೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಆಮೇಲೆ ತನ್ನ ಬಲಗೈಯನ್ನು ಸೀರೆಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಕೂಸಿನ ಕಾಲು ತಾಗಿದ ಕೈ, ಮಣ್ಣು ಕೊಟ್ಟ ಕೈ. ಕೆಂಪು ಅಂಚಿನದನ್ನು ಬೇರೆ ಯಾರಿಗಾದರೂ ಕೊಟ್ಟುಬಿಡಿ ಎಂದು ಬಸ್ಸಿನವರು ಹೇಳಿದರು. ಕೊಡಲಿಲ್ಲ. "ಕೂಸು ಹೋದ್ರೂ ತಾಯಿಗೆ ಚಳಿ ಇರಲ್ವೇನ್ರಿ?" ಎಂದು ಗಂಟು ಕಟ್ಟಿದಳು. ಮುಂದಿನ ವರ್ಷವೂ ಹೋದಳು, ಅದರ ಮುಂದಿನ ವರ್ಷವೂ.

ಇಷ್ಟೆಲ್ಲ ಹೇಳಿದ ಮೇಲೆ ಆಕೆಯನ್ನು ದೇವತೆ ಎಂದುಕೊಳ್ಳಬೇಡಿ. ಅಂಥವಳಾಗಿದ್ದರೆ ಜೊತೆಗಿರುವುದು ಸುಲಭವಾಗುತ್ತಿತ್ತು. ಹಬ್ಬದ ದಿನ ಒಬ್ಬಟ್ಟು ಕೊಟ್ಟರೆ ಉಪ್ಪು ಕಮ್ಮಿ, ಬೆಲ್ಲ ಜಾಸ್ತಿ ಎಂದು ಕಂಬಳಿಯಲ್ಲಿ ಉಂಡು ಕೂದಲು ಆರಿಸುವ ಜಾತಿ. ನನ್ನ ಮದುವೆಯ ಮಾತು ಮುರಿದುಬಿದ್ದದ್ದನ್ನು ಗಿರಣಿಯ ಸರದಿಗೆಲ್ಲ ಸಾರಿದವಳು. ಬದುಕಿದ್ದವರ ಜೊತೆ ಆಕೆಗೆ ತಾಳ್ಮೆಯೇ ಇರಲಿಲ್ಲ. ಒಂದು ವಾರ ನಾನು ಮಾತು ಬಿಟ್ಟಿದ್ದೆ. ಆಕೆಗೆ ಅದು ಗೊತ್ತೇ ಆಗಲಿಲ್ಲ, ಎರಡೂ ಕಡೆಯ ಮಾತನ್ನು ತಾನೇ ಆಡಿಕೊಂಡು ಆರಾಮವಾಗಿದ್ದಳು.

ಹಿಟ್ಟಿನ ಧೂಳು ಕೊನೆಗೆ ಎದೆ ಹಿಡಿಯಿತು. ಕೆಮ್ಮು ಶುರುವಾಯಿತು, ಆ ದನಿ ಒಡೆಯಿತು. ಯಾತ್ರೆಗೆ ಈ ಸಲ ಕರೆದೊಯ್ಯಲಾರೆ ಎಂದು ಕಂತ್ರಾಟುದಾರ ಹೇಳಿದ. ಸೊಕ್ಕೆಯಿಂದ ಅಣ್ಣನ ಮಗ ಬಂದು, ಗಿರಣಿಗೆ ಬೀಗ ಹಾಕಿಸಿ, "ಅತ್ತೆ ನಮ್ಮ ಮನ್ಯಾಗೆ ಇರ್ಲಿ" ಎಂದು ಕರೆದುಕೊಂಡು ಹೋದ. ಒಳ್ಳೆಯ ಹುಡುಗ, ಅತ್ತೆಯೆಂದರೆ ಜೀವ. ಕೆಂಪು ಅಂಚಿನ ಕಂಬಳಿ ಟ್ರಂಕಿನಲ್ಲಿ ಆಕೆಯ ಜೊತೆಗೇ ಹೋಯಿತು.

ದಸರಾ ರಜೆಯಲ್ಲಿ ನೋಡಲು ಹೋಗಿದ್ದೆ. ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಹುಬ್ಬಿನ ಮೇಲೆ ಹಿಟ್ಟಿಲ್ಲದ ಆ ಮುಖ ನನಗೆ ಗುರುತೇ ಸಿಗಲಿಲ್ಲ. ಅದೇ ಮೊದಲ ಸಲ ಹತ್ತಿರ ಕೂತು, ಬಗ್ಗಿ, ಆಕೆಯ ಮಾತು ಕೇಳಬೇಕಾಯಿತು.

"ನಾನು ಹೋದ್ರೆ ಬಿಳಿ ಸೀರೆ ಸಾಕು, ಆ ಸಾಬರು ಹೇಳಿದಂಗೆ. ಮೈಮ್ಯಾಲೆ ಒಂದು ಎಳೆ ಉಣ್ಣೆ ಇರಬಾರದು. ಟ್ರಂಕಿನಾಗಿಂದು ನೀವು ತಗೊಂಡು ಹೋಗ್ರಿ. ಆ ತಾಯಿ ಸಿಕ್ರೆ ಸರಿ, ಇಲ್ದಿದ್ರೆ ಅದೇ ಬಾಗಿಲ ಮುಂದೆ ಕೂಸು ಕಟ್ಕೊಂಡ ಯಾವ ಹೆಣ್ಮಗಳಾದ್ರೂ ಸರಿ. ಕತ್ತಿನ ಸುತ್ತ ಸಿಗಿಸೋದು ಮರೀಬ್ಯಾಡ್ರಿ."

"ನಿಮ್ಮ ಹುಡುಗನಿಗೂ ಹೇಳಿಬಿಡಿ ಅಕ್ಕಾ."

"ಹೇಳೀನಿ. ಹೂಂ ಅತ್ತೆ ಅಂತಾನೆ. ಊರು ಬಂದು ಬಾಗಿಲಾಗೆ ನಿಂತಾಗ ಅವನ ಕೈಯಾಗೆ ಏನೂ ಇರಲ್ಲ. ಅದಕ್ಕೇ ನೀವು ಬರ್ರಿ."

ಬರುತ್ತೇನೆ ಎಂದು ಕೈಮೇಲೆ ಕೈಯಿಟ್ಟು ಹೇಳಿದೆ.

ಸುದ್ದಿ ಬಂದದ್ದು ಬೆಳಿಗ್ಗೆ, ಶಾಲೆಯ ಬಾಗಿಲಿಗೆ. ಹೊನ್ನಾಳಿಗೆ ಒಂದು ಬಸ್ಸು, ದಾವಣಗೆರೆಗೆ ಇನ್ನೊಂದು, ಜಗಳೂರಿಗೆ ಮತ್ತೊಂದು. ಸೊಕ್ಕೆಯಲ್ಲಿ ಇಳಿದಾಗ ಮನೆಯಲ್ಲಿ ಯಾರೂ ಇರಲಿಲ್ಲ, ಎಲ್ಲ ಹೊಲದ ಕಡೆ ಹೋಗಿದ್ದರು. ನಾನು ಓಡಿದೆ.

ಆಕೆಯನ್ನು ಆಗಲೇ ಕುಣಿಯಲ್ಲಿ ಕೂರಿಸಿದ್ದರು. ಬಿಳಿ ಸೀರೆಯೂ ಕಾಣಲಿಲ್ಲ, ಆಕೆಯೂ ಕಾಣಲಿಲ್ಲ. ಸತ್ತವರಿಗೆ ಮನೆಗೊಬ್ಬರು ಒಂದು ಬಟ್ಟೆ ತಂದು ಹೊದಿಸುವುದು ಕಡೆಯ ಮರ್ಯಾದೆ. ಗಿರಣಿ ಅಕ್ಕ ಪರದೇಶದವರಿಗೂ ಕಂಬಳಿ ಹೊದಿಸಿದವಳು ಎಂದು ಸೊಕ್ಕೆಯವರಿಗೆ ಹೆಮ್ಮೆ. ಅದಕ್ಕೇ ಈ ಸಲ ಬಟ್ಟೆಯ ಬದಲು ಮನೆಮನೆಯಿಂದ ಕಂಬಳಿ ತಂದಿದ್ದರು. ಒಂದರ ಮೇಲೊಂದು, ಭುಜದ ತನಕ, ಕರಿಯವು, ಬಿಳಿಯವು, ಮನೆಯಲ್ಲಿ ಒಂದೇ ಇದ್ದವರೂ ತಂದಿದ್ದರು. ಎಲ್ಲದರ ಮೇಲೆ, ಕತ್ತಿನ ಸುತ್ತ ಸಿಗಿಸಿದ್ದು, ಕೆಂಪು ಅಂಚಿನದು.

ನಾನು ಅಣ್ಣನ ಮಗನ ತೋಳು ಹಿಡಿದೆ. "ಆ ಕೆಂಪು ಅಂಚಿಂದು ತೆಗೀರಿ. ಅದು ಆಕೆದಲ್ಲ. ನಿಮಗೆ ಹೇಳಿದ್ದರಲ್ಲ?"

"ಹೇಳಿದ್ಲು ಅಕ್ಕೋರೆ." ಆತನ ಕಣ್ಣು ಊದಿದ್ದವು. "ಜೀವ ಇದ್ದಾಗ ಎಲ್ರೂ ನಂಗೇನೂ ಬ್ಯಾಡ ಅಂತಾರೆ. ಲೋಕಕ್ಕೆಲ್ಲ ಹೊದಿಸಿದೋಳನ್ನ ಬರೀ ಸೀರ್ಯಾಗೆ ಕಳಿಸಿದ್ರೆ ನಾಳೆ ನಾನು ಮಖ ಎತ್ತಿ ತಿರುಗಾಕೆ ಆಗುತ್ತಾ?"

"ಇವನ್ನೆಲ್ಲ ಬದುಕಿರುವವರಿಗೆ ಕೊಡಿ. ಸತ್ತವರದ್ದೆಂದು ಹಿಂಜರಿಯಬೇಡಿ. ಕಂಬಳಿಗೆ ಮೈಲಿಗೆ ಇಲ್ಲ ಅಂತ ಆಕೆಯೇ ಹೇಳುತ್ತಿದ್ದರು" ಎಂದು ನಾನು ಕೂಗಿದೆ. ನನ್ನ ದನಿ ಗಿರಣಿಯ ದನಿಯಂತೆಯೇ ಕೇಳಿಸಿತು.

ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಸಮಾಧಾನದಿಂದ ನನ್ನತ್ತ ನೋಡಿದರು. "ಮೈಲಿಗೆ ಮಾತಲ್ಲ ತಾಯಿ. ಮರ್ಯಾದೆ ಮಾತು."

ಜನ ಬಿಲ್ವಪತ್ರೆ ಹಾಕತೊಡಗಿದರು. ನಾನು ನುಗ್ಗಿಕೊಂಡು ಕುಣಿಯ ಅಂಚಿಗೆ ಹೋಗಿ, ಮಂಡಿಯೂರಿ, ಆ ಕೆಂಪು ಅಂಚಿಗೆ ಕೈ ಚಾಚಿದೆ. ನಿಲುಕಲಿಲ್ಲ. ಇನ್ನಷ್ಟು ಬಗ್ಗಿದೆ. ಹಿಂದಿನಿಂದ ಯಾರೋ ನನ್ನ ಸೊಂಟ ಹಿಡಿದುಕೊಂಡರು.

"ಪಾಪ, ಅಕ್ಕೋರನ್ನ ಭಾಳ ಹಚ್ಚಿಕೊಂಡಿದ್ಲಂತೆ. ಜಾಗ ಬಿಡ್ರಿ, ಅವರೂ ಮಣ್ಣು ಹಾಕ್ಲಿ" ಎಂದಿತು ಒಂದು ದನಿ.

ವಯಸ್ಸಾದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು, ಚಾಚಿದ ನನ್ನ ಕೈಯನ್ನು ಮೆಲ್ಲಗೆ ತಿರುಗಿಸಿ, ಅಂಗೈಯಲ್ಲಿ ಒಂದು ಹಿಡಿ ಮಣ್ಣು ಇಟ್ಟಳು. ಬೆನ್ನು ಸವರಿದಳು. ನಾನು ಮಣ್ಣು ನೋಡಿದೆ, ಆಕೆಯ ಮುಖ ನೋಡಿದೆ. ಸುತ್ತ ಎಲ್ಲರೂ ಹಾಕುತ್ತಿದ್ದರು. ನಾನೂ ಹಾಕಿದೆ.